ಎರಡಕ್ಕೂ ಒಂದೇ ಬಂದೂಕು

ಇಂಗ್ಲೆಂಡಿನ ಲಫ್‌ಬರೋದ ಕಾರ್ಖಾನೆಯಲ್ಲಿ ನಮ್ಮ ವಿಭಾಗವನ್ನು ಮುಚ್ಚಿದಾಗ ನನಗೆ ಐವತ್ತೊಂದು ವರ್ಷ. ಹದಿನೇಳು ವರ್ಷ ಪಂಪುಗಳ ವಿನ್ಯಾಸ ಮಾಡಿದವನಿಗೆ ಒಂದು ಸೋಮವಾರ ಬೆಳಿಗ್ಗೆ ಹೋಗಲು ಜಾಗವೇ ಇರಲಿಲ್ಲ. ನನ್ನ ಹೆಂಡತಿ ಚಿಕ್ಕಮಕ್ಕಳ ಡಾಕ್ಟರು. ತನ್ನ ಪಾಳಿಯ ಪಟ್ಟಿ ನೋಡಿಕೊಂಡು ಆಸ್ಪತ್ರೆಗೆ ಹೊರಟುಬಿಡುತ್ತಿದ್ದಳು. ನನಗೆ ಕೂರಲೂ ಆಗದು, ನಿಲ್ಲಲೂ ಆಗದು. ಒಂದೇ ಡ್ರಾಯರನ್ನು ಮೂರು ಸಲ ಜೋಡಿಸುತ್ತಿದ್ದೆ. ಚಹಾಕ್ಕೆ ನೀರಿಟ್ಟು, ಅದು ಕುದಿಯುವ ಮೊದಲೇ ಹೊರಗೆ ನಡೆದುಬಿಡುತ್ತಿದ್ದೆ.

ಹಾಗೆ ನಡೆಯುವಾಗ ಪರಿಚಯವಾದವರು ಒಬ್ಬ ರೈತರು. ಎಪ್ಪತ್ತು ದಾಟಿದ, ಮೊಣಕಾಲು ನೋವಿನ ಮನುಷ್ಯ. ಊರಾಚೆಯ ಕಾಲುದಾರಿ ಅವರ ಹೊಲದ ನಡುವೆಯೇ ಹಾಯುತ್ತದೆ. ಕಾಡುಪಾರಿವಾಳಗಳು ಎಳೆ ಪೈರನ್ನು ಕಿತ್ತು ತಿನ್ನುತ್ತಿದ್ದವು. ನಮ್ಮ ಕಡೆ ಕಾಡುಕುರಿ ಅನ್ನುತ್ತಾರಲ್ಲ, ಅಂಥದೇ ಗಿಡ್ಡ ಜಿಂಕೆಗಳು ಅವರು ನೆಟ್ಟ ಸಸಿಗಳ ತೊಗಟೆ ಸುಲಿಯುತ್ತಿದ್ದವು. ಒಂದು ದಿನ ಅವರು, ನಿಮಗೆ ಹೇಗೂ ಸಮಯವಿದೆ, ಬಂದೂಕಿನ ಲೈಸೆನ್ಸ್ ಮಾಡಿಸಿಕೊಂಡು ಬನ್ನಿ, ನನಗೂ ಸಹಾಯವಾದೀತು ಅಂದರು.

ನಾನು ಹುಟ್ಟಿದ ಬಾಗಲಕೋಟೆಯ ಮನೆಯಲ್ಲಿ ಬೆಳಿಗ್ಗೆ ಲಿಂಗಪೂಜೆಯಾಗದೆ ಒಲೆ ಹೊತ್ತುತ್ತಿರಲಿಲ್ಲ. ಮೊಟ್ಟೆ ಹೊಸ್ತಿಲು ದಾಟಿದ್ದಿಲ್ಲ. ಆದರೂ ಆಗಲಿ ಅಂದೆ. ಯಾಕೆಂದು ಇವತ್ತಿಗೂ ಸರಿಯಾಗಿ ಹೇಳಲಾರೆ. ಕೈಗೂ ಕಣ್ಣಿಗೂ ಒಂದು ಕೆಲಸ ಬೇಕಿತ್ತು. ಮೇಲಾಗಿ ಅದರಲ್ಲಿ ಬಂದೂಕು ಆರಿಸುವ ಕೆಲಸವಿತ್ತು. ಎರಡು ವಾರ ನೋಟ್‌ಬುಕ್ಕಿನ ತುಂಬ ನಳಿಕೆಯ ಉದ್ದ, ತೂಕ, ತೋಟಾದ ಗಾತ್ರ ಬರೆದೆ. ಜಿಂಕೆಗೂ ಹಕ್ಕಿಗೂ ಆಗುವ ಒಂದೇ ಬಂದೂಕು: ಅದು ನನ್ನ ಲೆಕ್ಕಾಚಾರ.

ಬಂದೂಕಿನ ಅಂಗಡಿ ನಡೆಸುತ್ತಿದ್ದವರು ಬೆಳ್ಳಿಕೂದಲಿನ ಒಬ್ಬ ಹೆಂಗಸು. ಲೈಸೆನ್ಸ್ ಇಲ್ಲದೆ ಮಾರುವಂತಿಲ್ಲ, ನೋಡಲು ಅಡ್ಡಿಯಿಲ್ಲ ಅಂದರು. ನನ್ನ ನೋಟ್‌ಬುಕ್ಕನ್ನು ತಾಳ್ಮೆಯಿಂದ ಓದಿ ಮುಚ್ಚಿಟ್ಟರು. ಚರೆ ಅಂದರೆ ಸಣ್ಣ ಸಣ್ಣ ಗುಂಡು, ಹರಡಿಕೊಳ್ಳುತ್ತದೆ, ಹಕ್ಕಿಗೆ ಅದು ಸರಿ. ಜಿಂಕೆಗಾದರೆ ಗಾಯವಷ್ಟೇ ಆಗಿ, ಅದು ಎಲ್ಲೋ ಬೇಲಿಯಡಿ ನಾಲ್ಕು ದಿನ ನರಳಿ ಸಾಯುತ್ತದೆ, ಅದಕ್ಕೇ ಇಲ್ಲಿ ಜಿಂಕೆಗೆ ರೈಫಲ್ ಬೇಕು, ಅದರ ಲೈಸೆನ್ಸೇ ಬೇರೆ ಎಂದು ವಿವರಿಸಿದರು. ಎರಡು ವಾರದ ಲೆಕ್ಕ ಎರಡು ನಿಮಿಷದಲ್ಲಿ ಮುಗಿಯಿತು.

ಆಮೇಲೆ, ಎರಡೂ ಕಣ್ಣು ತೆರೆದು ತಮ್ಮ ಮೂಗಿನತ್ತ ಬೆರಳು ತೋರಿಸಲು ಹೇಳಿದರು. ತೋರಿಸಿದೆ. ಬೆರಳು ನನ್ನ ಎಡಗಣ್ಣಿನ ನೇರಕ್ಕೆ ಬಂದಿದೆ ಅಂದರು; ನನ್ನದು ಬಲಗೈ, ಆದರೆ ಗುರಿ ಹಿಡಿಯುವುದು ಎಡಗಣ್ಣು ಎಂದು ಆಗ ತಿಳಿಯಿತು. ಐವತ್ತೊಂದು ವರ್ಷ ನನಗೇ ಗೊತ್ತಿರಲಿಲ್ಲ. ಕನ್ನಡಕದ ಎಡಗಾಜಿಗೆ ಟೇಪಿನ ಚೂರು ಅಂಟಿಸಿಕೊಂಡರಾಯಿತು ಅಂದು, ಒಂದರ ಮೇಲೊಂದು ನಳಿಕೆಯಿದ್ದ ಹಗುರ ಬಂದೂಕೊಂದನ್ನು ಕೈಗಿಟ್ಟು, ಹತ್ತು ಸಲ ಹೆಗಲಿಗೇರಿಸಲು ಹೇಳಿದರು. ಹತ್ತೂ ಸಲ ನೋಡಿದರು.

“ಬಂದೂಕು ಹೆಗಲಿಗೆ ತಾಗುವ ಮೊದಲೇ ನಿಮ್ಮ ಬೆರಳು ಟ್ರಿಗರ್ ಎಳೆದಿರುತ್ತದೆ. ಯಾಕಿಷ್ಟು ಆತುರ?”

ಆ ಬಂದೂಕನ್ನು ನನಗಾಗಿ ತೆಗೆದಿಡಲು ಹೇಳಿ ಬಂದೆ.

ಲೈಸೆನ್ಸಿಗೆ ಅರ್ಜಿ ಹಾಕಿ, ಬಂದೂಕಿಡಲು ಗೋಡೆಗೆ ಉಕ್ಕಿನ ಕಪಾಟು ಜೋಡಿಸಿದೆ. ನನ್ನನ್ನು ನೋಡುವ ಡಾಕ್ಟರು ಪೊಲೀಸರಿಗೆ ಬರೆದ ಕಾಗದದಲ್ಲಿ ನಾನು ಎರಡು ತಿಂಗಳು ನಿದ್ದೆಮಾತ್ರೆ ತೆಗೆದುಕೊಂಡಿದ್ದೂ ಇತ್ತು. ಪರಿಶೀಲನೆಗೆ ಬಂದ ಪೊಲೀಸ್ ಅಧಿಕಾರಿ ಸಭ್ಯರು. ಕಪಾಟು ಅಲ್ಲಾಡಿಸಿ ನೋಡಿ, ನಿಮ್ಮ ಹೆಂಡತಿಯ ಜೊತೆ ಬೇರೆಯಾಗಿ ಮಾತಾಡಬಹುದೇ ಎಂದು ಕೇಳಿದರು. ನಾನು ಹಿತ್ತಲಿಗೆ ಹೋಗಿ, ಇಲ್ಲದ ಕಳೆ ಕೀಳುತ್ತ ನಿಂತೆ. ಅವರು ಹೋದ ಮೇಲೆ ಒಳಗೆ ಬಂದೆ. ಅವಳು ಚಹಾದ ಕಪ್ಪುಗಳನ್ನು ತೊಳೆಯುತ್ತಿದ್ದಳು.

“ಏನ್ ಕೇಳಿದ್ರು?”

“ಮನ್ಯಾಗ ಬಂದೂಕ ಇದ್ರ ನಿಮಗ ಅಂಜಿಕಿ ಆಗ್ತದೇನು ಅಂತ ಕೇಳಿದ್ರು.”

“ನೀ ಏನ್ ಹೇಳ್ದಿ?”

“ಆಗ್ತದ ಅಂದೆ.”

ನನಗೆ ಸಿಟ್ಟು ನೆತ್ತಿಗೇರಿತು. ದೇವರಕೋಣೆ, ಮಡಿ, ನಿಮ್ಮ ಅಪ್ಪನ ಮನೆಯ ಶಿಸ್ತು ಎಂದು ಏನೇನೋ ಆಡಿದೆ. ಅವಳು ನಲ್ಲಿ ನಿಲ್ಲಿಸಿ ಈ ಕಡೆ ತಿರುಗಿದಳು.

“ಹಕ್ಕಿ ಸಲುವಾಗಿ ಅಲ್ರಿ, ನಿಮ್ಮ ಸಲುವಾಗಿ. ನಾಕ್ ತಿಂಗಳಾತು, ಒಂದ್ ಊಟ ಪೂರಾ ಕುಂತು ಮುಗಿಸಿಲ್ಲ ನೀವು. ಈಗ ಬ್ಯಾಡ ಅಂದೀನಿ. ಎಂದೂ ಬ್ಯಾಡ ಅಂದಿಲ್ಲ.”

ಕೋಟು ಹಾಕಿಕೊಂಡು ಸೀದಾ ಹೊಲಕ್ಕೆ ನಡೆದೆ. ಹೆಂಡತಿ ನನ್ನ ಮಾನ ಕಳೆದಳು ಎಂದು ಆ ರೈತರಿಗೆ ದೂರು ಹೇಳಿದೆ. ಅವರು, ಮೊದಲ ಹೆಂಡತಿ ತೀರಿಕೊಂಡ ವರ್ಷ ನನ್ನ ಬಂದೂಕುಗಳನ್ನೆಲ್ಲ ಲೈಸೆನ್ಸ್ ಇದ್ದ ನೆರೆಯವರ ಕಪಾಟಿನಲ್ಲಿ ಇರಿಸಿದ್ದೆ ಅಂದರು. ಇರಿಸಿ ಎಂದು ಯಾರೂ ಹೇಳಿರಲಿಲ್ಲ, ತಾವೇ ಕೇಳಿಕೊಂಡದ್ದು. ಅಷ್ಟು ಹೇಳಿ, ಪ್ಲಾಸ್ಟಿಕ್ ಕೊಳವೆಗಳ ಕಟ್ಟೊಂದನ್ನು ನನ್ನ ಕೈಗಿಟ್ಟರು. ಕತ್ತಲಾಗುವವರೆಗೆ ಸಸಿಗಳಿಗೆ ಒಂದೊಂದಾಗಿ ಕೊಳವೆ ತೊಡಿಸಿದೆವು, ಜಿಂಕೆಗೆ ತೊಗಟೆ ಸಿಗದಂತೆ.

ಮರುದಿನ ಅರ್ಜಿ ವಾಪಸು ತೆಗೆದುಕೊಂಡೆ. ಅವಳೊಂದಿಗೆ ಮಾತು ಸರಿಹೋಗಲು ಇನ್ನೂ ಒಂದು ವಾರ ಹಿಡಿಯಿತು. ವಸಂತದಲ್ಲಿ ಹತ್ತಿರದ ಡರ್ಬಿ ಪಟ್ಟಣದಲ್ಲಿ ವಾರಕ್ಕೆ ಮೂರು ದಿನದ ಕೆಲಸ ಸಿಕ್ಕಿತು. ಮಾತ್ರೆ ಬಿಟ್ಟೆ, ಮತ್ತೆ ಹಿಡಿದೆ, ಮತ್ತೆ ಬಿಟ್ಟೆ. ಮುಂದಿನ ವರ್ಷ ಪುನಃ ಅರ್ಜಿ ಹಾಕಿದೆ. ಅದೇ ಅಧಿಕಾರಿ ಬಂದರು, ಅದೇ ಪ್ರಶ್ನೆ ಕೇಳಿದರು. ಈ ಸಲ ಅವಳೇ ಹಿತ್ತಲಿಗೆ ಬಂದು ಹೇಳಿದಳು.

“ಈಗ ಅಂಜಿಕಿ ಇಲ್ಲ ಅಂದೆ. ಆದ್ರ ಹೊಡದಿದ್ದು ಮನಿಗೆ ತರಬ್ಯಾಡ್ರಿ.”

ಲೈಸೆನ್ಸ್ ಬಂದಾಗ ಅಂಗಡಿಯಲ್ಲಿ ತೆಗೆದಿಟ್ಟಿದ್ದ ಬಂದೂಕು ಮಾರಾಟವಾಗಿ ಹೋಗಿತ್ತು. ಅದರಂಥದೇ ಇನ್ನೊಂದನ್ನು ಕೊಂಡೆ. ಆ ಚಳಿಗಾಲದಲ್ಲಿ ಮೊದಲ ಪಾರಿವಾಳ ಬಿದ್ದಾಗ ಓಡಿ ಹೋಗಿ ಎತ್ತಿಕೊಂಡೆ. ಅಂಗೈಯಲ್ಲಿ ಇನ್ನೂ ಬೆಚ್ಚಗಿತ್ತು. ಅದನ್ನು ರೈತರ ಈಗಿನ ಹೆಂಡತಿಗೆ ಕೊಟ್ಟು, ಅವರ ಅಂಗಳದ ನಲ್ಲಿಯಲ್ಲಿ ಬಹಳ ಹೊತ್ತು ಕೈ ತೊಳೆದೆ.

ಎರಡು ವಾರದ ಮೇಲೆ ಒಂದು ಮುಂಜಾನೆ ಗಿಡ್ಡ ಜಿಂಕೆಯೊಂದು ಬೇಲಿ ನುಸುಳಿ ಬಂದು ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿತು. ನನ್ನ ಬಂದೂಕಿನಲ್ಲಿ ಚರೆಯ ತೋಟಾ ಇತ್ತು. ಮೆಲ್ಲಗೆ ಬಂದೂಕಿನ ನಳಿಕೆ ಮಡಿಚಿ ತೆರೆದು ಎರಡೂ ತೋಟಾ ತೆಗೆದು ಜೇಬಿಗೆ ಹಾಕಿದೆ. ಜಿಂಕೆ ಬಳ್ಳಿಯ ಎಲೆ ತಿಂದುಕೊಂಡು, ಬೇಕಾದಾಗ ಹೋಯಿತು.

ಸಂಗತಿ ಕೇಳಿ ರೈತರು, ಹಾಗಾದರೆ ಇನ್ನು ರೈಫಲ್ಲಿಗೂ ಅರ್ಜಿ ಹಾಕುತ್ತೀರೋ ಅಂದರು. ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂದೆ. ಇನ್ನೂ ಕೇಳಿಲ್ಲ.