ಹುಳದ ಮನೆ ಮತ್ತು ಅಮ್ಮನ ಲಿವರ್

ಅಮ್ಮನ ಲಿವರ್‌ನಲ್ಲಿ ಕೊಬ್ಬು ಸೇರಿದೆ ಅಂತ ಗೊತ್ತಾಗಿದ್ದು ಚಿಕ್ಕಬಳ್ಳಾಪುರದಲ್ಲಿ, ಕಿಡ್ನಿ ಕಲ್ಲಿಗೆಂದು ಮಾಡಿಸಿದ ಸ್ಕ್ಯಾನಿನಲ್ಲಿ. ‘ಗ್ರೇಡ್ ಒನ್’ ಎಂದಿತ್ತು. ದಿಬ್ಬೂರಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ರೇಷ್ಮೆ ಬೆಳೆಯ ಯಜಮಾನಿಕೆ ಸೋದರಮಾವನದು. ಅವನು ನಕ್ಕುಬಿಟ್ಟ. “ಒನ್ ಅಂದ್ರೆ ಫಸ್ಟ್ ಕ್ಲಾಸ್ ಕಣಕ್ಕಾ! ನಿನ್ನ ಮಗಳಿಗೂ ಬಂದಿರ್ಲಿಲ್ಲ.”

ಡಾಕ್ಟರು ನಗಲಿಲ್ಲ. ರಕ್ತ ಪರೀಕ್ಷೆ ಮಾಡಿಸಿ, ಅಮ್ಮನ ವಯಸ್ಸು, ಲಿವರ್‌ನ ಎರಡು ಅಂಕಿ, ಪ್ಲೇಟ್‌ಲೆಟ್ ಎಲ್ಲ ಸೇರಿಸಿ ಲೆಕ್ಕ ಹಾಕಿದರು. “ಗ್ರೇಡ್ ಅನ್ನೋದು ಕೊಬ್ಬಿನ ಮಾತು. ಒಳಗೆ ಗಾಯದ ಕಲೆ ಕಟ್ಟಿದೆಯಾ ಅನ್ನೋದು ಬೇರೆ ಪ್ರಶ್ನೆ. ಸಕ್ಕರೆ ಕಾಯಿಲೆ ಬೇರೆ ಇದೆ ನಿಮಗೆ. ಲೆಕ್ಕ ನೋಡಿದ್ರೆ ಅನುಮಾನ ಬರುತ್ತೆ. ಲಿವರ್ ಎಷ್ಟು ಗಡುಸಾಗಿದೆ ಅಂತ ಅಳೆಯೋ ಸ್ಕ್ಯಾನ್ ಮಾಡಿಸಿ, ತಡ ಮಾಡ್ಬೇಡಿ.”

ತಡ ಮಾಡುವುದಕ್ಕೆ ನಮ್ಮಲ್ಲಿ ಶಾಸ್ತ್ರವೇ ಇದೆ. ಹುಳ ಮೇಯುವಾಗ ಆಸ್ಪತ್ರೆಗೆ ಹೋಗಿಬಂದವರು ಹುಳದ ಮನೆ ಹೊಗುವಂತಿಲ್ಲ. ಹೊಕ್ಕರೆ ಬೆಳೆ ಕೆಡುತ್ತದೆ. ಸೊಪ್ಪು ಹಾಕುವುದು ಅಮ್ಮನೇ. “ಗೂಡು ಬಿಡಿಸಿಬಿಡಣ, ಆಮೇಲೆ ಹೋಗಣ” ಅಂದ ಮಾವ. ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿ ಬಂದ. ಮನೆ ತೊಳೆದು ಸುಣ್ಣ ಹೊಡೆಯುವಷ್ಟರಲ್ಲಿ ಮುಂದಿನ ಬೆಳೆಯ ಮರಿಹುಳ ಬಂದಿತ್ತು. ಮತ್ತೆ ಅದೇ ಮಾತು.

ಚಿಂತಾಮಣಿಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದುಕೊಂಡು ಬರುತ್ತಿದ್ದ ನಾನು ಸುಮ್ಮನಿರುತ್ತೇನಾ?

“ಮಾವ, ಪರೀಕ್ಷೆ ಆಗದ ಹುಳದ ಮೊಟ್ಟೆ ತರ್ತೀಯಾ?”

“ಹುಚ್ಚಾ ನಿಂಗೆ? ತಾಯಿ ಚಿಟ್ಟೇನ ಅರೆದು ನೋಡಿ, ಗಂಟುರೋಗ ಇಲ್ಲ ಅಂದ್ಮೇಲೇನೇ ಮೊಟ್ಟೆ.”

“ಚಿಟ್ಟೆ ನೋಡಕ್ಕೆ ಚೆನ್ನಾಗೇ ಇರುತ್ತಲ್ಲ?”

“ನೋಡಿದ್ರೆ ಏನು ಗೊತ್ತಾಗುತ್ತೆ? ರೋಗ ಒಳಗಿರುತ್ತೆ ಕಣೇ.”

“ಅಮ್ಮಂಗೂ ಅಷ್ಟೇ.”

ಮಾವ ಅರ್ಧ ತೆಲುಗಿಗೆ ಹೊರಳಿದ. ಸೋತಾಗ ಹೊರಳುವುದು ಅಲ್ಲಿಗೇ. “ಏಮಮ್ಮಾ ಲಾಯರಮ್ಮಾ, ಹುಳಾನೂ ಅಮ್ಮನೂ ಒಂದೇನಾ?”

ಒಂದಲ್ಲ, ಮಾವ. ಹುಳಕ್ಕೆ ಮರ್ಯಾದೆ ಜಾಸ್ತಿ.

ಅಮ್ಮನಾದರೂ ನನ್ನ ಪಕ್ಷಕ್ಕೆ ಬಂದಳೇ? “ಲಿವರ್ ಅಂದ್ರೆ ಜನ ಏನಂತಾರೆ? ಕುಡಿಯೋರ ಕಾಯಿಲೆ ಅಲ್ವೇನಮ್ಮ ಅದು. ಸುಸ್ತಿಲ್ಲ, ನೋವಿಲ್ಲ, ಬಿಡು.” ನೋವು ಬರುವವರೆಗೆ ಕಾಯಬಾರದು ಅಂತಲೇ ಈ ಪರೀಕ್ಷೆ ಅಂದೆ. ಅವಳು ಸೊಪ್ಪಿನ ಮಂಕರಿ ಹೊತ್ತು ಒಳಗೆ ಹೋದಳು. ಕರೆದುಕೊಂಡು ಹೋಗು, ಬೆಳೆ ಕೆಟ್ಟರೆ ನಷ್ಟ ಲಾಯರಮ್ಮನೇ ಕಟ್ಟಿಕೊಡಲಿ ಅಂತ ಮಾವ ಊರಿಗೆಲ್ಲ ಕೇಳುವಂತೆ ಹೇಳಿದ.

ಹೀಗೇ ಬೆಳೆ ಮೇಲೆ ಬೆಳೆ ಎದ್ದಿತು. ಕೊನೆಗೆ ಅಮ್ಮನನ್ನು ಹೊರಡಿಸಿದ್ದು ನನ್ನ ವಾದವಲ್ಲ, ಊದಿದ ಕಾಲು. ಸ್ಕ್ಯಾನಿನ ಮೊನೆಯನ್ನು ಪಕ್ಕೆಗೆ ಒತ್ತಿ ಒತ್ತಿ ಲಿವರ್‌ನ ಗಡುಸು ಅಳೆದರು. ಕಲೆ ಲಿವರ್ ತುಂಬ ಕಟ್ಟಿತ್ತು. ಇನ್ನು ಹೆಚ್ಚಾಗದಂತೆ ನೋಡಿಕೊಳ್ಳೋಣ, ಹಿಂದಕ್ಕೆ ತರುವುದು ಕಷ್ಟ ಅಂದರು ಡಾಕ್ಟರು. ಬೇಗ ಬಂದಿದ್ದರೆ ಅನ್ನುವುದನ್ನು ಅವರು ಹೇಳಲಿಲ್ಲ. ಹೇಳಬೇಕಿತ್ತು, ಮಾವನ ಎದುರಿಗೇ.

ಆಚೆ ಬಂದ ಮಾವ ನನ್ನ ಕಡೆ ತಿರುಗಿದ. “ಇಷ್ಟು ಸೀರಿಯಸ್ಸು ಅಂತ ಮೊದಲೇ ಬಿಡಿಸಿ ಹೇಳ್ಬಾರ್ದಿತ್ತಾ? ಓದಿದೋಳು ನೀನು.”

ನನ್ನ ಬಾಯಲ್ಲಿ ಉತ್ತರ ಇತ್ತು. ಅಮ್ಮ ಕೈ ಹಿಡಿದು ಅದುಮಿದಳು.

ಊರು ಮುಟ್ಟಿದಾಗ ಹುಳ ಹಸಿದಿತ್ತು. ಅಮ್ಮ ಹುಳದ ಮನೆಯ ಹೊಸ್ತಿಲಾಚೆಯೇ ನಿಂತು, ಊದಿದ ಕಾಲನ್ನು ನೋಡಿಕೊಳ್ಳುತ್ತಾ ಕೇಳಿದಳು: “ತಲೆಗೆ ನೀರು ಹಾಕ್ಕೊಂಡು ಬಂದ್ರೆ ಸೊಪ್ಪು ಹಾಕ್ಬೋದೇನೋ?”

ತಾನೂ ಹೊಸ್ತಿಲು ದಾಟದೆ ಪಕ್ಕದಲ್ಲೇ ನಿಂತಿದ್ದ ಮಾವ ಯೋಚನೆ ಮಾಡಿದ. “ಬೇಡಕ್ಕಾ, ಆಸ್ಪತ್ರೆಯಿಂದ ಬಂದಿದ್ದೀಯ. ಹುಳಕ್ಕೆ ಆಗಲ್ಲ.”