ತಂದೆಯ ಪಾತ್ರಕ್ಕೆ ಹಾರ

ಗೆಳೆಯರೇ, ಶಲವಡಿಯಲ್ಲಿ ನಮ್ಮ ನಾಟಕದ ತಾಲೀಮು ಇಂದು ಸಂಜೆ, ಮಗ ತಂದೆಯ ಕಾಲಿಗೆ ಬೀಳುವ ದೃಶ್ಯಕ್ಕೆ ಬಂತು. ಮಗನ ಪಾತ್ರ ಗೌಡರ ಮಗ ಶಿವನಗೌಡನದು. ತಂದೆಯ ಪಾತ್ರ ಹರಿಜನ ಕೇರಿಯ ಯಲ್ಲಪ್ಪನದು. ಅಂಥ ಕಂಠ ಊರಲ್ಲಿ ಇನ್ನೊಬ್ಬರಿಗಿಲ್ಲ.

ಶಿವನಗೌಡ ಕೈಕಟ್ಟಿ ನಿಂತುಬಿಟ್ಟ. "ಮಾಸ್ತರ, ಇವನ ಕಾಲ ನಾ ಮುಟ್ಟೂದಿಲ್ರಿ."

"ನಾಟಕದಾಗ ಅಂವ ನಿಮ್ಮಪ್ಪ ಅದಾನಪಾ."

"ನೋಡೂ ಮಂದಿ ನಮ್ಮ ಊರವ್ರ ಅಲ್ಲೇನ್ರಿ?"

ಪರದೆ, ಗ್ಯಾಸಬತ್ತಿ, ರಂಗ ಕಟ್ಟುವ ಹಲಗೆ ಎಲ್ಲವೂ ಗೌಡರ ಮನೆಯವು. ಶಾಲೆಯಲ್ಲಿ ದಿನವೂ ಎಲ್ಲರೂ ಒಂದೇ ಎಂದು ಪಾಠ ಹೇಳುವ ನಾನು, ಯಲ್ಲಪ್ಪನ ಕಡೆ ನೋಡದೆ, "ತಂದಿ ಮೊದಲ ಸತ್ತಾನಂತ ಮಾಡೂಣು. ಮಗ ಬಂದು ಫೋಟೋಕ್ಕ ಹಾರ ಹಾಕಲಿ," ಎಂದೆ.

ಯಲ್ಲಪ್ಪ ಹೆಗಲ ಮೇಲಿದ್ದ ನಾಟಕದ ಶಲ್ಯವನ್ನು ಮಡಚಿಟ್ಟ. "ಫೋಟೋ ಯಾರದ್ರಿ, ಸರ?"

ಶಿವನಗೌಡನೇ ಹೇಳಿದ: "ನಿಂದ ಇಡೂಣು. ನಮ್ಮಪ್ಪಂದು ಹೆಂಗ ಇಡಾಕ ಬರತೈತಿ? ಬದುಕಿದ್ದವ್ರ ಫೋಟೋಕ್ಕ ಹಾರ ಹಾಕಬಾರದು."

ಎಲ್ಲರೂ ಹೌದು ಹೌದೆಂದು ತಲೆಯಾಡಿಸಿದರು. ಯಲ್ಲಪ್ಪ ಅಲ್ಲೇ, ನನ್ನೆದುರೇ ನಿಂತಿದ್ದ.

ಬರುವಾಗ ದಾರಿಯಲ್ಲಿ ನಾನು ಹೂಗಾರರ ಮನೆಗೆ ಹೋಗಿ ಚೆಂಡುಹೂವಿನ ಹಾರ ಹೇಳಿಬಂದಿದ್ದೇನೆ.