ಆನೆ ಬಂದ ದಿನದ ಹಾಜರಿ

ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತಿದ್ದೆ, ಮೊಬೈಲಿಗೆ ಅರಣ್ಯ ಇಲಾಖೆಯ ಸಂದೇಶ ಬಂತು. ನಮ್ಮೂರು ಮಗ್ಗೆ ಕಡೆ ಹಳ್ಳದ ಪಕ್ಕ ಆನೆಗಳಿವೆಯಂತೆ, ಯಾರೂ ಹೊರಗೆ ಬರಬಾರದಂತೆ. ನಾನಿರುವುದು ಹಾಸನದಲ್ಲಿ, ಅದೂ ಎರಡನೇ ಮಹಡಿಯಲ್ಲಿ. ಆದರೂ ಇಂಥ ಸಂದೇಶ ಬಂದಾಗಲೆಲ್ಲ ಎದ್ದು ಹೋಗಿ ಬಾಗಿಲ ಚಿಲಕ ಹಾಕುತ್ತೇನೆ. ಹೆಂಡತಿ ನಗುತ್ತಾಳೆ. ನಗಲಿ ಬಿಡಿ, ಊರು ಬಿಟ್ಟಷ್ಟು ಸುಲಭವಾಗಿ ಹೆದರಿಕೆ ಬಿಡುವುದಿಲ್ಲ.

ನಮ್ಮ ಕಡೆಯ ಒಂದು ರೂಢಿ ನಿಮಗೆ ಹೇಳಬೇಕು. ಆನೆ ಬಂದ ದಿನ ಯಾರು ಎಲ್ಲಿಗೆ ಹೋಗದಿದ್ದರೂ ತಪ್ಪಲ್ಲ. ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರ್ ಆಳುಗಳನ್ನು ಕೇಳುವುದಿಲ್ಲ, ಮೇಷ್ಟರು ಮಕ್ಕಳನ್ನು ಕೇಳುವುದಿಲ್ಲ. ಮದುವೆಗೆ ಹೋಗದಿದ್ದರೆ ಬೀಗರು ಕೂಡ ಮುನಿಯುವುದಿಲ್ಲ, ಮುನಿಯುವುದಕ್ಕೆಂದೇ ಹುಟ್ಟಿದ ಬೀಗರೂ. ಹೇಳಿ ಕಳಿಸಬೇಕಾಗಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ನಮ್ಮ ಸರೋಜತ್ತೆ ಕೋರ್ಟಿಗೂ ಗೊತ್ತಿರುತ್ತದೆ ಅಂದುಕೊಂಡರು.

ಸರೋಜತ್ತೆ ನನ್ನ ಅಪ್ಪನ ತಂಗಿ. ಮಾವ ತೀರಿಕೊಂಡ ಮೇಲೆ ಅವರ ಬದುಕೆಂದರೆ ಗುಡ್ಡದ ಮೇಲಿನ ಸಣ್ಣ ಕಾಫಿ ತೋಟ. ಅದರ ದಾರಿ ಪಕ್ಕದ ಎಸ್ಟೇಟಿನೊಳಗೆ ಹಾದುಹೋಗುತ್ತಿತ್ತು. ಎಸ್ಟೇಟು ಕೈ ಬದಲಾಯಿತು, ದಾರಿಗೆ ಕಬ್ಬಿಣದ ಗೇಟು ಬಿತ್ತು. ಅತ್ತೆ ದಾವೆ ಹೂಡಿದರು, ವಕೀಲರಿಲ್ಲದೆ.

"ಒಬ್ರು ವಕೀಲರನ್ನ ಇಡೋಣ ಅತ್ತೆ."

"ಆ ದಾರೀಲಿ ನಡ್ದೋಳು ನಾನು ಕಣೋ. ಹೇಳಕ್ಕೆ ಇನ್ನೊಬ್ರು ಯಾಕೆ?"

ವಕೀಲರ ಮಾತು ಅಲ್ಲಿಗೇ ಬಿಟ್ಟೆ.

ಸಾಕ್ಷಿಗಳ ಹೆಸರು ಕೊಡಬೇಕಾದ ವಾಯಿದೆಯ ದಿನ ಬಸ್ಸು ಬರುವ ರಸ್ತೆಯಲ್ಲಿ ಆನೆ ನಿಂತಿತ್ತು. ಕೋರ್ಟು ಇನ್ನೊಂದು ದಿನ ಕೊಟ್ಟಿತು. ಆ ದಿನ ಮನೆಯೆದುರಿನ ಗದ್ದೆಯಲ್ಲೇ ಹಿಂಡು. ಇಸ್ತ್ರಿ ಮಾಡಿದ ಸೀರೆ ಉಟ್ಟು, ಕೋರ್ಟಿನ ಕಾಗದಪತ್ರಗಳ ಚೀಲ ತೊಡೆಯ ಮೇಲಿಟ್ಟುಕೊಂಡು ಅತ್ತೆ ಸಂಜೆವರೆಗೂ ಜಗಲಿಯ ಬಾಗಿಲ ಹಿಂದೆ ಕೂತಿದ್ದರಂತೆ. ಯಾರಿಗೂ ಫೋನು ಮಾಡಲಿಲ್ಲ. ದಾವೆ ಹೂಡಿದವರೇ ಹಾಜರಿಲ್ಲವೆಂದು ಕೇಸು ವಜಾ ಆಯಿತು.

ಆನೆ ಹೋದ ಮೇಲೆ ಕೋರ್ಟಿಗೆ ಹೋದರು. ಅಲ್ಲಿನ ಗುಮಾಸ್ತರು ಒಳ್ಳೆಯವರು, ಕೂರಿಸಿ ಹೇಳಿದರು: "ಅವತ್ತೇ ಯಾರ ಕೈಲಾದ್ರೂ ತಿಳಿಸ್ಬೇಕಿತ್ತಮ್ಮ. ಇರ್ಲಿ, ಕೇಸು ಮತ್ತೆ ತೆಗೀರಿ ಅಂತ ಒಂದು ತಿಂಗಳೊಳಗೆ ಅರ್ಜಿ ಹಾಕಿ."

ಆ ತಿಂಗಳು ಕಾಫಿ ಹಣ್ಣಿನ ಕೊಯ್ಲು. ಗೇಟು ಮುಚ್ಚಿದ್ದರಿಂದ ಹಳ್ಳದ ಬದಿಯ ಸುತ್ತುದಾರಿಯಲ್ಲಿ ಮೂಟೆ ಹೊರಿಸಬೇಕು. ಕೊಯ್ಲು ಮುಗಿಸಿ ಹೋದಾಗ ತಿಂಗಳೂ ಮುಗಿದಿತ್ತು. ತಡ ಯಾಕಾಯಿತು, ಆಗಲೂ ಆನೆ ಇತ್ತೇ ಎಂದು ನ್ಯಾಯಾಧೀಶರು ಕೇಳಿದಾಗ ನಾನೂ ಪಕ್ಕದಲ್ಲಿದ್ದೆ. ಹೌದು ಅನ್ನು ಅತ್ತೆ, ಹೌದು ಅನ್ನು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಇರ್ಲಿಲ್ಲ ಸ್ವಾಮಿ. ಕೊಯ್ಲಿತ್ತು," ಎಂದರು ಅತ್ತೆ.

ಅರ್ಜಿಯೂ ವಜಾ ಆಯಿತು. ಯಾರನ್ನು ಬೈಯೋಣ ಹೇಳಿ? ಕೋರ್ಟು ತನ್ನ ಕ್ರಮದಂತೆ ನಡೆಯಿತು, ಅತ್ತೆ ನಮ್ಮ ಊರಿನ ಕ್ರಮದಂತೆ ನಡೆದರು.

ಈಗ ಅತ್ತೆಗೆ ಉಳಿದಿರುವುದು ಹಳ್ಳದ ಬದಿಯ ದಾರಿ ಒಂದೇ. ಹಗಲು ಹೊತ್ತು ಆನೆಗಳು ಮಲಗುವುದೂ ಅಲ್ಲೇ. ಇವತ್ತಿನ ಸಂದೇಶ ಓದಿದವನೇ ಫೋನು ಮಾಡಿದೆ.

"ಎಲ್ಲಿದೀಯ ಅತ್ತೆ?"

"ತೋಟದಲ್ಲಿ. ಹಣ್ಣು ಉದುರ್ತಾ ಐತೆ."

"ಮೆಸೇಜ್ ನೋಡ್ಲಿಲ್ವಾ? ಹಳ್ಳದಲ್ಲಿ ಆನೆ ಐತಂತೆ."

"ನೋಡ್ಕಂಡೇ ಬಂದೆ ಕಣೋ. ಆನೆ ಐತೆ ಅಂತ ಮನೇಲಿ ಕೂತು ದಾರಿ ಕಳ್ಕಂಡೆ. ಇನ್ನೂ ಕೂತ್ರೆ ತೋಟನೂ ಹೋಯ್ತದೆ."

ವಾಪಸ್ಸು ಹೇಗೆ ಬರುತ್ತೀಯ ಎಂದು ಕೇಳಿದೆ. ಫೋನು ಇಟ್ಟಾಗಿತ್ತು.

ಅಭ್ಯಾಸದಂತೆ ಎದ್ದು ಬಾಗಿಲವರೆಗೆ ಹೋದೆ. ಚಿಲಕದ ಮೇಲೆ ಕೈಯಿಟ್ಟವನಿಗೆ ಅದನ್ನು ಹಾಕಲು ಆಗಲಿಲ್ಲ.